ಗಾಜಿನ ಕಡಲಿಗೆ ಕವಿದ ಪಾಚಿ

ಪಾಚಿಯನ್ನು ಕಾಣದ ಮನೆಯಿಲ್ಲ. ಬಾವಿಯ ಕಟ್ಟೆಯಲ್ಲಿ, ಕಲ್ಯಾಣಿಯ ಮೆಟ್ಟಿಲಲ್ಲಿ, ದನ ನೀರು ಕುಡಿಯುವ ತೊಟ್ಟಿಯಲ್ಲಿ ಅದು ನಮಗೆ ನಿತ್ಯದ ನಂಟು. ಹಳಗನ್ನಡದಲ್ಲಿ ಇದಕ್ಕೆ 'ಪಾವಸೆ' ಎಂಬ ಹೆಸರುಂಟು. ಪಕಾರಕ್ಕೆ ಹಕಾರ ಬಂದು ಅದೇ ಮುಂದೆ 'ಹಾವಸೆ'ಯಾಯಿತು. ಸಂಸ್ಕೃತ ಕವಿಗಳು 'ಶೈವಲ'ವೆಂದು ಕರೆದು ತಾವರೆಯ ಪಕ್ಕದಲ್ಲಿ ಅದಕ್ಕೊಂದು ಸ್ಥಾನವನ್ನೂ ಕೊಟ್ಟರು. ಹೀಗೆ ಹೆಸರಿಗೇನೂ ಕೊರತೆಯಿಲ್ಲ. ಆದರೆ ಒಂದು ತೊಡಕುಂಟು. ನೀರಿನಲ್ಲಿ ಜಾರುಜಾರಾಗಿ ಕಂಡದ್ದನ್ನೆಲ್ಲ ನಾವು ಪಾಚಿಯೆಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಿದ್ದೇವೆ. ಅದರೊಳಗೆ ಗಿಡದ ಕುಲಕ್ಕೆ ಹತ್ತಿರವಾದದ್ದೂ ಇದೆ, ಬ್ಯಾಕ್ಟೀರಿಯದ ಕುಲದ್ದೂ ಇದೆ, ಎರಡಕ್ಕೂ ಸೇರದೆ ಬಾಲವಾಡಿಸಿ ಈಜುವ ಒಂಟಿ ಕೋಶದ ಜೀವಿಯೂ ಇದೆ. ಮೆಟ್ಟಿಲು ಇಳಿಯುವವನಿಗೆ ಈ ಭೇದ ತಿಳಿಯದಿದ್ದರೂ ನಡೆಯುತ್ತದೆ. ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಕಡಲ ಮೀನುಗಳನ್ನು ಸಾಕಿದವರಿಗೆ ಮಾತ್ರ ಹಾಗಲ್ಲ. ಅಲ್ಲಿ ಒಂದು ಪಾಚಿಯನ್ನು ಉಪವಾಸ ಕೆಡಹುವ ಮದ್ದೇ ಇನ್ನೊಂದಕ್ಕೆ ಹಬ್ಬದೂಟವಾಗುತ್ತದೆ.

ಹ್ಯಾಂಡ್‌ಪೋಸ್ಟಿನಿಂದ ಬರೆಯುವವನಿಗೆ ಕಡಲಿನ ಮಾತೇಕೆ ಎಂದು ವಾಚಕರು ಕೇಳಬಹುದು. ಹ್ಯಾಂಡ್‌ಪೋಸ್ಟ್ ಎಂದರೆ ಕೈಮರ. ದಾರಿ ಕವಲೊಡೆಯುವಲ್ಲಿ ನಿಂತು ಊರುಗಳನ್ನು ತೋರಿಸುವ ಕಂಬ. ಹೆಗ್ಗಡದೇವನಕೋಟೆಯ ನೆರೆಯ ಈ ಊರಿಗೆ ಅದೇ ಹೆಸರು ನಿಂತಿದೆ. ಇಲ್ಲಿಂದ ಪಡುಗಡಲಿಗೆ ವಯನಾಡಿನ ಬೆಟ್ಟಗಳು ಅಡ್ಡ. ಆದರೂ ಈ ಕಾಲದಲ್ಲಿ ಕಡಲಿನ ಉಪ್ಪು ಪೊಟ್ಟಣದಲ್ಲಿ ಅಂಚೆಯ ಮೂಲಕ ಬರುತ್ತದೆ. ಬೆಂಗಳೂರು, ಮೈಸೂರುಗಳ ಹವ್ಯಾಸಿಗಳ ಕೊಠಡಿಯಲ್ಲಿ ಕೋಡಂಗಿ ಮೀನು ಈಜಾಡುತ್ತದೆ. ಮೇಲಾಗಿ, ಆ ಗಾಜಿನ ತೊಟ್ಟಿಯಲ್ಲಿ ನಡೆಯುವುದಕ್ಕೂ ನಮ್ಮ ಊರ ಕೆರೆಯಲ್ಲಿ ನಡೆಯುವುದಕ್ಕೂ ನಿಯಮ ಒಂದೇ. ಕೆರೆಯಲ್ಲಿ ಹತ್ತು ವರ್ಷಕ್ಕೆ ಆಗುವುದು ತೊಟ್ಟಿಯಲ್ಲಿ ಹದಿನೈದು ದಿನಕ್ಕೆ ಆಗುತ್ತದೆ, ಅಷ್ಟೆ.

ಮೊದಲಿಗೆ ಒಂದು ಕಾನೂನಿನ ಮಾತು. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ ೨೦೦೧ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನೆಲ್ಲ ಸೇರಿಸಲಾಯಿತು. ಹುಲಿಗೆ ಇರತಕ್ಕ ರಕ್ಷಣೆಯೇ ಅವುಗಳಿಗೂ ಇದೆ. ಆದಕಾರಣ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಿಂದಾಗಲಿ, ಲಕ್ಷದ್ವೀಪ ಮನ್ನಾರು ಕೊಲ್ಲಿಗಳಿಂದಾಗಲಿ ಹವಳದ ತುಂಡನ್ನು ಕಿತ್ತು ತರುವುದು ಅಪರಾಧ. ಕಡಲ ತೊಟ್ಟಿ ಬೇಕೆನ್ನುವವರು ಕೃತಕವಾಗಿ ಮಾಡಿದ ಕಲ್ಲು, ಕಾನೂನು ಒಪ್ಪುವ ಮೀನು, ಇಷ್ಟರಲ್ಲಿ ತೃಪ್ತರಾಗಬೇಕು. ಹವಳವಿದ್ದರೂ ಇಲ್ಲದಿದ್ದರೂ ಪಾಚಿ ಮಾತ್ರ ತಪ್ಪದೆ ಬರುತ್ತದೆ.

ಪಾಚಿಯ ಊಟ

ಪಾಚಿಗೆ ಬೇಕಾದದ್ದು ಮುಖ್ಯವಾಗಿ ಮೂರು: ಬೆಳಕು, ಸಾರಜನಕ, ರಂಜಕ. ನಾವು ಮೀನಿಗೆ ಹಾಕುವ ಆಹಾರದಲ್ಲಿ ಕೊನೆಯ ಎರಡೂ ಇರುತ್ತವೆ. ಮೀನು ತಿಂದು ಬಿಟ್ಟದ್ದು ಕೊಳೆತು, ಬ್ಯಾಕ್ಟೀರಿಯಗಳ ಕೈಯಲ್ಲಿ ಅಮೋನಿಯವಾಗಿ, ನೈಟ್ರೈಟಾಗಿ, ಕಡೆಗೆ ನೈಟ್ರೇಟಾಗಿ ನೀರಿನಲ್ಲಿ ಉಳಿಯುತ್ತದೆ. ರಂಜಕವು ಫಾಸ್ಫೇಟಾಗಿ ಕರಗುತ್ತದೆ, ಕಲ್ಲು ಮರಳುಗಳಿಗೂ ಅಂಟಿಕೊಳ್ಳುತ್ತದೆ. ಹವಳದ ದಿಬ್ಬದ ಸುತ್ತಲಿನ ನಿಜವಾದ ಕಡಲಿನಲ್ಲಿ ಇವೆರಡೂ ತೀರ ಕಡಿಮೆ. ತೊಟ್ಟಿಯಲ್ಲಿ ಲೀಟರಿಗೆ ನೈಟ್ರೇಟು ೨ರಿಂದ ೧೦ ಮಿಲಿಗ್ರಾಂ, ಫಾಸ್ಫೇಟು ೦.೦೩ರಿಂದ ೦.೧ ಮಿಲಿಗ್ರಾಂ ಇದ್ದರೆ ಹದವೆಂದು ಅನುಭವಸ್ಥರು ಎಣಿಸುತ್ತಾರೆ.

ಇಲ್ಲೊಂದು ಮೋಸವುಂಟು. ಪರೀಕ್ಷೆ ಮಾಡಿದಾಗ ಎರಡೂ ಸೊನ್ನೆ ಬಂದು, ಕಲ್ಲಿನ ಮೇಲೆ ಮಾತ್ರ ಹಸಿರು ಕೂದಲು ಗೇಣುದ್ದ ಬೆಳೆದಿರುತ್ತದೆ. ಆಹಾರವೇ ಇಲ್ಲದೆ ಅದು ಬೆಳೆದದ್ದು ಹೇಗೆಂದು ಯಜಮಾನನಿಗೆ ಸೋಜಿಗ. ಪಂಕ್ತಿಯಲ್ಲಿ ಎಲೆ ಬರಿದಾಗಿ ಕಂಡರೆ ಬಡಿಸಲಿಲ್ಲವೆಂದು ಅರ್ಥವೆ? ಉಂಡಾಯಿತು ಎಂದು ಅರ್ಥ. ನೀರಿನಲ್ಲಿದ್ದುದೆಲ್ಲ ಪಾಚಿಯ ಹೊಟ್ಟೆ ಸೇರಿದೆ.

ನೀರಿನ ಮೂಲವೂ ಮುಖ್ಯ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು ೩೫ ಗ್ರಾಂ ಉಪ್ಪಿರುತ್ತದೆ. ತೊಟ್ಟಿಯ ನೀರು ಆವಿಯಾದಾಗ ಉಪ್ಪು ಹಾರುವುದಿಲ್ಲ. ಆದ್ದರಿಂದ ಇಳಿದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು. ಆ ಸಿಹಿನೀರು ಕೊಳವೆಬಾವಿಯದಾದರೆ? ನಮ್ಮ ಗಟ್ಟಿಕಲ್ಲಿನ ನೆಲದ ನೀರಿನಲ್ಲಿ ಸಿಲಿಕ ಕರಗಿರುತ್ತದೆ. ಗೊಬ್ಬರ ಸುರಿದ ಹೊಲಗಳ ನಡುವಿನ ಬಾವಿಯಲ್ಲಿ ನೈಟ್ರೇಟೂ ಇರಬಹುದು. ನೀರು ಹಾರಿಹೋಗುತ್ತದೆ, ಇವು ಉಳಿಯುತ್ತವೆ. ಮತ್ತೆ ತುಂಬಿದಾಗ ಮತ್ತಷ್ಟು ಸೇರುತ್ತವೆ. ಪಾಯಸವನ್ನು ಬತ್ತಿಸಿದ ಹಾಗೆ ಇದು. ಅದಕ್ಕಾಗಿ ಸೋಸುಪೊರೆಯ ಯಂತ್ರದಲ್ಲಿ ಹಾಯಿಸಿ, ಮೇಲೆ ರಾಳದ ಡಬ್ಬಿಯಲ್ಲೂ ಹಾಯಿಸಿದ ನೀರನ್ನೇ ಬಳಸತಕ್ಕದ್ದು. ಕರಗಿದ ಲವಣವನ್ನು ಅಳೆಯುವ ಮಾಪಕ ಅಂಥ ನೀರಿನಲ್ಲಿ ಸೊನ್ನೆ ತೋರಿಸಬೇಕು.

ಮುಖ ನೋಡಿ ಹೆಸರು ಹೇಳುವುದು

ಇನ್ನು ಪಾಚಿಗಳ ಗುರುತು. ಹೊಸ ತೊಟ್ಟಿಯಲ್ಲಿ ಮೊದಲ ವಾರಗಳಲ್ಲೇ ಮರಳಿನ ಮೇಲೆ, ಗಾಜಿನ ಮೇಲೆ ಕಂದು ಪುಡಿ ಉದುರಿಸಿದಂತೆ ಕಂಡರೆ ಅದು ಡಯಾಟಮ್. ಸಿಲಿಕದಿಂದ ಗೂಡು ಕಟ್ಟಿಕೊಳ್ಳುವ ಸೂಕ್ಷ್ಮಜೀವಿ ಇದು. ಬೆರಳಿಂದ ಒರೆಸಿದರೆ ಧೂಳಿನಂತೆ ಏಳುತ್ತದೆ. ನೀರಿನ ಸಿಲಿಕ ಮುಗಿದೊಡನೆ ತಾನಾಗಿ ಹೋಗುತ್ತದೆ. ಇದಕ್ಕೆ ಮದ್ದು ತಾಳ್ಮೆಯೊಂದೇ.

ಹಸಿರು ದಾರಗಳಂತೆ ಕಲ್ಲಿಗೆ ಹಿಡಿದು ಓಲಾಡುವುದು ಕೂದಲು ಪಾಚಿ. ಮೃದುವಾಗಿದ್ದು, ಕಿತ್ತರೆ ಸುಲಭವಾಗಿ ಬರುತ್ತದೆ. ಅದರ ಹಾಗೆಯೇ ಕಂಡರೂ ಒಂದೊಂದು ಎಳೆಯೂ ಹಕ್ಕಿಯ ಗರಿಯಂತೆ ಎರಡು ಕಡೆಗೂ ಕವಲೊಡೆದಿದ್ದರೆ ಅದು ಬ್ರಯಾಪ್ಸಿಸ್. ಇವೆರಡನ್ನು ಬೇರೆ ಮಾಡಲು ಭೂತಗನ್ನಡಿ ಬೇಕು. ಬೇರೆ ಮಾಡಲೂ ಬೇಕು. ಏಕೆಂದರೆ ಕೂದಲು ಪಾಚಿಯನ್ನು ಮೇಯುವ ಬಸವನಹುಳುಗಳು ಬ್ರಯಾಪ್ಸಿಸನ್ನು ಸಾಮಾನ್ಯವಾಗಿ ಮೂಸಿಯೂ ನೋಡುವುದಿಲ್ಲ.

ಹಸಿರು ಮುತ್ತಿನಂತೆ, ಬಟಾಣಿಯಂತೆ ಹೊಳೆಯುವ ಗುಳ್ಳೆಗಳು ವಲೋನಿಯ. ಅದರ ಒಂದು ಜಾತಿಯಲ್ಲಿ ಆ ಇಡೀ ಗುಳ್ಳೆ ಒಂದೇ ಒಂದು ಜೀವಕೋಶ. ಲೋಕದ ಅತಿ ದೊಡ್ಡ ಕೋಶಗಳಲ್ಲಿ ಅದೂ ಒಂದು. ನೋಡಲು ಚೆಂದ, ಹಬ್ಬಿದರೆ ಕಾಟ. ತೊಟ್ಟಿಯೊಳಗೆ ಒಡೆಯದೆ, ಬುಡದಿಂದ ಬಿಡಿಸಿ ಹೊರತೆಗೆಯುವುದು ಕ್ಷೇಮ.

ಕೆಂಪು ಕಂದು ಬಣ್ಣದ ಲೋಳೆಯ ಹೊದಿಕೆ ಮರಳಿನ ಮೇಲೆ ಹಾಸಿಕೊಂಡು, ಎಳೆದರೆ ಹಾಲಿನ ಕೆನೆಯಂತೆ ಹಾಳೆಹಾಳೆಯಾಗಿ ಏಳುವುದಾದರೆ ಅದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯ. ಕೋಟ್ಯಂತರ ವರ್ಷಗಳ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕವನ್ನು ಮೊದಲು ತುಂಬಿದ ವಂಶ ಇದರದು. ನೀರಿನ ಓಟ ಕುಂಠಿತವಾಗಿ ಕಸ ನಿಲ್ಲುವ ಮೂಲೆಯೇ ಇದರ ಮನೆ.

ಕಡೆಯದು ಎಲ್ಲಕ್ಕಿಂತ ತುಂಟ: ಡೈನೋಫ್ಲಾಜೆಲೇಟ್. ಕಂದು ಬಣ್ಣದ ಸಿಂಬಳದಂಥ ಎಳೆಗಳು, ತುದಿಯಲ್ಲಿ ಗಾಳಿಯ ಗುಳ್ಳೆ. ಬೆಳಗ್ಗೆ ಮರಳು ಬಿಳಿಯಾಗಿರುತ್ತದೆ, ಮಧ್ಯಾಹ್ನಕ್ಕೆ ಕಂದಾಗುತ್ತದೆ, ರಾತ್ರಿ ಮತ್ತೆ ಮಾಯ. ಬಸವನಹುಳುಗಳು ಕಾರಣವಿಲ್ಲದೆ ಸಾಯತೊಡಗಿದರೆ ಇದರ ಮೇಲೆ ಸಂಶಯಪಡಬೇಕು. ಕೆಲವು ಜಾತಿಗಳು ವಿಷ ಉಂಟುಮಾಡುತ್ತವೆ. ಡಯಾಟಮೋ ಇದೋ ಎಂದು ತಿಳಿಯಲು ಸುಲಭದ ಉಪಾಯವುಂಟು. ಸ್ವಲ್ಪ ಲೋಳೆಯನ್ನು ನೀರಿನೊಡನೆ ಸೀಸೆಯಲ್ಲಿ ಹಾಕಿ ಚೆನ್ನಾಗಿ ಕುಲುಕಿ, ತೆಳುಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಬೆಳಕಿನಲ್ಲಿಡಿ. ಗಂಟೆಯೊಳಗೆ ಆ ತಿಳಿನೀರಿನಲ್ಲಿ ಮತ್ತೆ ಎಳೆ ಕಟ್ಟಿದರೆ ಡೈನೋಫ್ಲಾಜೆಲೇಟ್ ಎನ್ನಬಹುದು. ಅನುಕೂಲವಿದ್ದರೆ ಹೈಸ್ಕೂಲಿನ ಸೂಕ್ಷ್ಮದರ್ಶಕ ಸಾಕು: ಡಯಾಟಮ್ ನಿಂತಂತಿರುತ್ತದೆ ಅಥವಾ ಮೆಲ್ಲನೆ ಸರಿಯುತ್ತದೆ, ಇದು ಕಟ್ಟಿಹಾಕಿದ ಕರುವಿನಂತೆ ಗಿರಗಿರನೆ ಸುತ್ತುತ್ತದೆ, ಇಲ್ಲವೇ ಚುರುಕಾಗಿ ಈಜುತ್ತದೆ.

ಇನ್ನೊಂದನ್ನು ತಪ್ಪದೆ ಹೇಳಬೇಕು. ಕಲ್ಲಿನ ಮೇಲೆ ಗುಲಾಬಿ, ನೇರಿಳೆ ಬಣ್ಣ ಬಳಿದಂತೆ ಗಟ್ಟಿಯಾಗಿ ಕೂತಿರುವುದು ಸುಣ್ಣದ ಪಾಚಿ. ಅದು ನೀರಿನ ಕ್ಯಾಲ್ಸಿಯಮ್ಮಿನಿಂದ ಬೆಳೆದು ಬಂಡೆಯನ್ನು ಬೆಸೆಯುತ್ತದೆ. ಅದನ್ನು ಕೆರೆದು ತೆಗೆಯುವವರು ಮನೆಯ ಗಾರೆಯನ್ನು ಕೊಳೆಯೆಂದು ಕೀಳುವವರು. ಅಷ್ಟೇ ಅಲ್ಲ, ಹವಳದ ಮೈಯೊಳಗೆ ವಾಸವಾಗಿದ್ದು ಬಿಸಿಲಿನಿಂದ ಆಹಾರ ತಯಾರಿಸಿ ಅದಕ್ಕೆ ಉಣಿಸುವುದೂ ಡೈನೋಫ್ಲಾಜೆಲೇಟಿನ ಕುಲದ್ದೇ ಒಂದು ಜೀವಿ. ಕಡಲು ಅತಿಯಾಗಿ ಕಾದಾಗ ಆ ಒಕ್ಕಲು ಮನೆ ಬಿಡುತ್ತದೆ, ಹವಳ ಬೆಳ್ಳಗಾಗುತ್ತದೆ. ೧೯೯೮ರಲ್ಲಿ ಲಕ್ಷದ್ವೀಪದಲ್ಲಿ ಆದದ್ದು ಇದೇ. ಆದುದರಿಂದ ಕುಲ ನೋಡಿ ಹಗೆಯೆನ್ನಬಾರದು. ನೆಲೆ ನೋಡಿ ಹೇಳಬೇಕು.

ಮದ್ದಿನ ಕ್ರಮ

ಎಲ್ಲಕ್ಕಿಂತ ಮೊದಲ ಮದ್ದು ಕೈ. ಕಿತ್ತು ಹೊರಹಾಕಿದ ಪ್ರತಿ ಹಿಡಿ ಪಾಚಿಯ ಜೊತೆಗೆ ಅದು ಉಂಡ ಸಾರಜನಕ, ರಂಜಕಗಳೂ ತೊಟ್ಟಿ ಬಿಟ್ಟು ಹೋಗುತ್ತವೆ. ಒಳಗೇ ಕೊಂದರೆ ಕೊಳೆತು ಮತ್ತೆ ನೀರಿಗೇ ಸೇರುತ್ತವೆ. ಈ ತತ್ತ್ವದ ಮೇಲೆಯೇ ಕೆಲವರು ಪಕ್ಕದ ಚಿಕ್ಕ ತೊಟ್ಟಿಯಲ್ಲಿ ದೀಪವಿಟ್ಟು ಕೀಟೋಮಾರ್ಫವೆಂಬ ಸಾಧು ಪಾಚಿಯನ್ನು ಬೆಳೆಸಿ, ಆಗಾಗ ಕೊಯ್ದು ಹಾಕುತ್ತಾರೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಉಪಾಯ.

ಎರಡನೆಯದು ಊಟದ ಮಿತಿ. ಮೀನಿಗೆ ಎರಡು ನಿಮಿಷದಲ್ಲಿ ಮುಗಿಯುವಷ್ಟನ್ನೇ ಹಾಕಬೇಕು. ಮನೆಯಲ್ಲಿ ನಾಲ್ಕು ಮಕ್ಕಳಿದ್ದು ನಾಲ್ವರೂ ಪ್ರೀತಿಯಿಂದ ಚಿಟಿಕೆ ಚಿಟಿಕೆ ಹಾಕಿದರೆ ಆ ಪ್ರೀತಿಯ ಫಲ ಗಾಜಿನ ಮೇಲೆ ಹಸಿರಾಗಿ ಬೆಳೆಯುತ್ತದೆ. ದೀಪ ಎಂಟು ಹತ್ತು ಗಂಟೆ ಸಾಕು. ಕಿಟಕಿಯ ನೇರ ಬಿಸಿಲು ಬೇಡ. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರು ಬದಲಿಸುವುದು, ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರವನ್ನು ತೊಳೆದಿಡುವುದು, ಮೂಲೆಮೂಲೆಗೂ ನೀರು ಓಡುವಂತೆ ಮಾಡುವುದು, ಇವಿಷ್ಟನ್ನು ತಿಂಗಳುಗಟ್ಟಲೆ ತಪ್ಪದೆ ನಡೆಸಿದರೆ ಕೂದಲು ಪಾಚಿಯೂ ಕೆಂಪು ಲೋಳೆಯೂ ಬಹುಮಟ್ಟಿಗೆ ಹಿಂದೆಗೆಯುತ್ತವೆ. ಫಾಸ್ಫೇಟು ತೀರ ಹೆಚ್ಚಿದ್ದರೆ ಅದನ್ನು ಹೀರುವ ಕಬ್ಬಿಣದ ಆಕ್ಸೈಡಿನ ಹರಳುಗಳುಂಟು, ಸ್ವಲ್ಪಸ್ವಲ್ಪವಾಗಿ ಬಳಸಬೇಕು.

ಡೈನೋಫ್ಲಾಜೆಲೇಟಿಗೆ ಮಾತ್ರ ಈ ನೀತಿ ತಲೆಕೆಳಗು. ಅತಿ ಶುಚಿಗೊಳಿಸಿ ನೈಟ್ರೇಟು ಫಾಸ್ಫೇಟುಗಳನ್ನು ಸೊನ್ನೆಗೆ ಇಳಿಸಿದ ತೊಟ್ಟಿಯಲ್ಲೇ ಅದು ಹೆಚ್ಚಾಗಿ ತಲೆಯೆತ್ತುವುದು. ಪೈಪೋಟಿಯ ಜೀವಿಗಳೆಲ್ಲ ಹಸಿದು ಸತ್ತಾಗ ಬರಿದಾದ ಹೊಲ ಅದಕ್ಕೆ ಸಿಕ್ಕುತ್ತದೆ. ಆಗ ನೀರು ಬದಲಿಸುವುದನ್ನು ತಡೆದು, ಆ ಎರಡನ್ನೂ ಹದಕ್ಕೆ ಏರಿಸಬೇಕು. ನೀರಿನಲ್ಲಿ ಈಜುವ ಜಾತಿಯಾದರೆ ಅತಿನೇರಳೆ ದೀಪದ ಕೊಳವೆಯಲ್ಲಿ ನೀರು ಹಾಯಿಸಬಹುದು. ಮೂರು ದಿನ ತೊಟ್ಟಿಗೆ ಕತ್ತಲೆ ಕವಿಸುವುದೂ ಉಂಟು. ಹೆಸರು ತಿಳಿಯದೆ ಮದ್ದು ಮಾಡಿದವರು ಇದನ್ನು ಡಯಾಟಮೆಂದು ಭಾವಿಸಿ ಇನ್ನಷ್ಟು ಶುಚಿಮಾಡುತ್ತಾರೆ; ಕಾಟ ಇನ್ನಷ್ಟು ಬೆಳೆಯುತ್ತದೆ.

ಔಷಧಿಗಳ ವಿಚಾರದಲ್ಲಿ ಎಚ್ಚರ ಬೇಕು. ಕೆಂಪು ಲೋಳೆಗೆ ಎರಿತ್ರೋಮೈಸಿನ್, ಬ್ರಯಾಪ್ಸಿಸಿಗೆ ಫ್ಲೂಕೊನಜೋಲ್ ಹಾಕಿ ಗೆದ್ದವರಿದ್ದಾರೆ. ಆದರೆ ಮೊದಲನೆಯದು ನೀರನ್ನು ಶುಚಿಮಾಡುವ ಒಳ್ಳೆಯ ಬ್ಯಾಕ್ಟೀರಿಯಗಳನ್ನೂ ಮುಟ್ಟಬಹುದು. ಮನುಷ್ಯರ ಔಷಧಿಯನ್ನು ಹೀಗೆ ಚರಂಡಿಗೆ ಬಿಟ್ಟರೆ ರೋಗಾಣುಗಳು ಅದಕ್ಕೆ ಒಗ್ಗಿಕೊಳ್ಳುವ ಭಯವೂ ಉಂಟು. ಸತ್ತ ಲೋಳೆ ಕೊಳೆಯುವಾಗ ನೀರಿನ ಆಮ್ಲಜನಕ ಇಳಿಯುತ್ತದೆ. ಅದೇ ರಾತ್ರಿ ಮಳೆ ಗಾಳಿಗೆ ಕರೆಂಟು ಹೋಯಿತೆಂದರೆ ಬೆಳಗ್ಗೆ ಮೀನುಗಳು ಮೇಲೆ ತೇಲುತ್ತವೆ. ಆದಕಾರಣ ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪು ಕೈಯಲ್ಲಿಲ್ಲದೆ ಈ ಕೆಲಸಕ್ಕೆ ಇಳಿಯಬಾರದು.

ನಮ್ಮ ಕಡೆಯವರಿಗೆ ಕೈಗೆಟಕುವ ಮದ್ದು ಮೈಲುತುತ್ತ. ತೋಟಕ್ಕೆ ಸುಣ್ಣದೊಡನೆ ಸಿಂಪಡಿಸುತ್ತಾರೆ; ಕೊಳದ ಪಾಚಿಗೂ ಹಾಕುವುದುಂಟು. ಕಡಲ ತೊಟ್ಟಿಗೆ ಇದು ಕೂಡದು. ಅದರ ತಾಮ್ರ ಬಸವನಹುಳು, ಸೀಗಡಿ, ಹವಳಗಳಿಗೆ ನೇರ ವಿಷ. ಕಲ್ಲಿಗೆ ಅಂಟಿಕೊಂಡು ಬಹುಕಾಲ ಉಳಿಯುತ್ತದೆ. ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಿ ಉಜ್ಜುವುದೂ ಅಪಾಯ. ಕೆಲವು ಮೆದು ಹವಳದ ಬಳಗದ ಜೀವಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿರುತ್ತದೆ. ಹಬೆಯೊಡನೆ ಎದ್ದು ಉಸಿರಿಗೆ ಸೇರುತ್ತದೆ. ೨೦೧೮ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರಿನಲ್ಲಿ ತೊಟ್ಟಿಯ ಹವಳವನ್ನು ಶುಚಿಮಾಡಲು ಹೋದ ಒಂದು ಕುಟುಂಬದವರು ಆಸ್ಪತ್ರೆ ಸೇರಬೇಕಾಯಿತು. ಕೈಗವಸು, ಕನ್ನಡಕ ಇಲ್ಲದೆ ಮತ್ತು ಮಕ್ಕಳ ಕೈಯಿಂದ ಈ ಕೆಲಸ ಮಾಡಿಸಕೂಡದು.

ಮೇಯುವವರ ಬೆಲೆ

ಬಸವನಹುಳು, ಕಡಲ ಮುಳ್ಳುಚೆಂಡು, ಪಾಚಿ ತಿನ್ನುವ ಮೀನು, ಇವು ತೊಟ್ಟಿಯ ದನಕರುಗಳು. ಇವುಗಳಿಲ್ಲದೆ ಯಾವ ಶುಚಿಯೂ ನಿಲ್ಲದು. ಇದಕ್ಕೆ ಕಡಲೇ ಸಾಕ್ಷಿ ಹೇಳಿದೆ. ಜಮೈಕ ದ್ವೀಪದ ಸುತ್ತ ಪಾಚಿ ಮೇಯುವ ಮೀನುಗಳನ್ನು ಜನ ಬಹುಕಾಲ ಅತಿಯಾಗಿ ಹಿಡಿದರು. ೧೯೮೦ರ ಬಿರುಗಾಳಿ ಹವಳವನ್ನು ಒಡೆಯಿತು. ಆದರೂ ಉದ್ದ ಮುಳ್ಳಿನ ಮುಳ್ಳುಚೆಂಡುಗಳು ಮೇಯುತ್ತ ಬಂಡೆಯನ್ನು ಕಾಪಾಡಿದ್ದವು. ೧೯೮೩ರಲ್ಲಿ ರೋಗ ಬಂದು ಅವೂ ಸತ್ತವು. ೧೯೭೭ರಲ್ಲಿ ನೂರಕ್ಕೆ ೫೨ರಷ್ಟಿದ್ದ ಹವಳದ ಹೊದಿಕೆ ೧೯೯೩ರ ವೇಳೆಗೆ ೩ಕ್ಕೆ ಇಳಿಯಿತು. ೪ರಷ್ಟಿದ್ದ ಪಾಚಿ ೯೨ಕ್ಕೆ ಏರಿತು. ಪಾಚಿ ಹೊಸದಾಗಿ ಬಂದದ್ದಲ್ಲ, ಮೊದಲಿನಿಂದ ಇದ್ದದ್ದೇ. ಅದನ್ನು ಹದದಲ್ಲಿಟ್ಟವರು ಹೋದರು.

ಹೊರಚೆಲ್ಲುವ ಮುನ್ನ

ಬೇಸತ್ತ ಯಜಮಾನ ಒಂದು ದಿನ ತೊಟ್ಟಿಯನ್ನೇ ಬರಿದುಮಾಡಲು ಹೊರಡುತ್ತಾನೆ. ಎಲ್ಲಿಗೆ ಸುರಿಯಬೇಕು? ಕಾಲರ್ಪ ಎಂಬ ಚೆಲುವಾದ ಹಸಿರು ಕಡಲಪಾಚಿಯ ಒಂದು ತಳಿ ಅಕ್ವೇರಿಯಮ್ಮುಗಳಲ್ಲಿ ಬೆಳೆದಿತ್ತು. ೧೯೮೪ರಲ್ಲಿ ಮೊನಾಕೊ ನಗರದ ಸಮುದ್ರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಲ್ಲಿ ಅದು ಒಂದು ಚದರ ಮೀಟರಿನಷ್ಟು ಕಂಡಿತು. ಆಗ ಯಾರೂ ಕೀಳಲಿಲ್ಲ. ಮುಂದೆ ಅದು ಮೆಡಿಟರೇನಿಯನ್ ತೀರದಲ್ಲಿ ಸಾವಿರಾರು ಎಕರೆ ಹಬ್ಬಿತು. ೨೦೦೦ದಲ್ಲಿ ಅದೇ ತಳಿ ಅಮೆರಿಕದ ಕ್ಯಾಲಿಫೋರ್ನಿಯದ ಹಿನ್ನೀರೊಂದರಲ್ಲಿ ಕಾಣಿಸಿದಾಗ, ಟಾರ್ಪಾಲು ಹೊದಿಸಿ ಒಳಗೆ ಕ್ಲೋರಿನ್ ಬಿಟ್ಟು ಕೊಂದರು. ಸಂಪೂರ್ಣ ಹೋಯಿತೆಂದು ಸಾರಲು ೨೦೦೬ ಬರಬೇಕಾಯಿತು, ಎಪ್ಪತ್ತು ಲಕ್ಷ ಡಾಲರಿನಷ್ಟು ಹಣ ಬೇಕಾಯಿತು. ನಮ್ಮ ದೇಶದಲ್ಲೂ ಬೆಳೆಗಾಗಿ ಹೊರಗಿನಿಂದ ತಂದ ಕಪ್ಪಾಫೈಕಸ್ ಎಂಬ ಕಡಲಪಾಚಿ ಮನ್ನಾರು ಕೊಲ್ಲಿಯ ಕುರುಸಡೈ ದ್ವೀಪದಲ್ಲಿ ಜೀವಂತ ಹವಳದ ಮೇಲೆ ಹಬ್ಬಿದ್ದು ೨೦೦೮ರಲ್ಲಿ ವರದಿಯಾಯಿತು.

ನಮ್ಮದು ಒಳನಾಡು. ಕಡಲಪಾಚಿ ಕಪಿಲೆಯ ಸಿಹಿನೀರಿನಲ್ಲಿ ಬದುಕದು. ಆದರೆ ೨೦ ಲೀಟರ್ ತೊಟ್ಟಿಯ ನೀರಿನಲ್ಲಿ ೭೦೦ ಗ್ರಾಂ ಉಪ್ಪಿದೆಯೆಂಬುದನ್ನು ಮರೆಯಬಾರದು. ತೆಂಗಿನ ಸಸಿಯ ಬುಡಕ್ಕೆ ವಾರವಾರವೂ ಸುರಿದರೆ ಮಣ್ಣು ಕೆಡುತ್ತದೆ. ಸಿಹಿನೀರಿನ ತೊಟ್ಟಿಯವರ ಹೊಣೆ ಇನ್ನೂ ಹೆಚ್ಚು. ಅವರು ಕೆರೆಗೆ ಬಿಟ್ಟ ಮೀನೂ ಗಿಡವೂ ಬದುಕಿ ಬೆಳೆಯಬಲ್ಲವು. ಚೆಲುವಾದ ಹೂವಿಗೆಂದು ಹೊರದೇಶದಿಂದ ತಂದ ಕೆರೆಕಳೆ ಇಂದು ನಮ್ಮ ಎಷ್ಟು ಕೆರೆಗಳನ್ನು ಮುಚ್ಚಿಲ್ಲ? ಪಾಚಿಯನ್ನು ಬಿಸಿಲಿನಲ್ಲಿ ಒಣಗಿಸಿ ಕಸಕ್ಕೆ ಹಾಕಿರಿ. ಮೀನನ್ನು ಸಾಕುವವರಿಗೆ ಕೊಡಿರಿ. ಕೆರೆಗೆ ಮಾತ್ರ ಬೇಡ.

ಕೆರೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ೧೮೬೪ರಲ್ಲಿ ಕಟ್ಟಿದ ಮೈಸೂರಿನ ಕುಕ್ಕರಹಳ್ಳಿ ಕೆರೆಯ ನೀರು ಚರಂಡಿ ಸೇರಿ ಹಸಿರಾದದ್ದನ್ನು ಮೈಸೂರಿಗರು ಕಂಡವರೇ. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಸೀಮೆಗಳಲ್ಲಿ ಹೊಲದ ಗೊಬ್ಬರ ಮೊದಲ ಮಳೆಗೆ ಕೊಚ್ಚಿ ಕೆರೆಗೆ ಇಳಿಯುತ್ತದೆ. ಬೇಸಗೆಯಲ್ಲಿ ನೀರು ತಗ್ಗಿ, ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕೆನೆಗಟ್ಟಿದರೆ ಅದು ಹೆಚ್ಚಾಗಿ ಆ ಸಯನೋಬ್ಯಾಕ್ಟೀರಿಯದ ಬಳಗ. ಅದರ ಕೆಲವು ಜಾತಿಗಳ ವಿಷ ದನಕರುಗಳ ಯಕೃತ್ತನ್ನು ಕೆಡಿಸುತ್ತದೆ. ನೀರನ್ನು ಕುದಿಸಿದರೂ ಆ ವಿಷ ಹೋಗದು. ಅಂಥ ನೀರಿನಿಂದ ದನವನ್ನು ದೂರವಿಡಬೇಕು, ಮಕ್ಕಳನ್ನು ಈಜಲು ಬಿಡಬಾರದು.

ಹೀಗೆ ಗಾಜಿನ ತೊಟ್ಟಿ ಒಂದು ಚಿಕ್ಕ ಪಾಠಶಾಲೆ. ಬೇಡದ ಪಾಚಿ ಕಂಡಾಗ ಮದ್ದಿನ ಅಂಗಡಿಗೆ ಓಡದೆ, ಮೊದಲು ಭೂತಗನ್ನಡಿ ಹಿಡಿದು ಅದರ ಹೆಸರು ಕೇಳಿರಿ. ಆಮೇಲೆ, ಇದಕ್ಕೆ ಊಟ ಎಲ್ಲಿಂದ ಬರುತ್ತಿದೆ ಎಂದು ಹುಡುಕಿರಿ. ಉತ್ತರ ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇರುತ್ತದೆ: ಹಾಕಿದ ಆಹಾರದಲ್ಲಿ, ತುಂಬಿದ ನೀರಿನಲ್ಲಿ, ಆರಿಸದೆ ಬಿಟ್ಟ ದೀಪದಲ್ಲಿ. ಆ ಕೈಯನ್ನು ಹಿಡಿತದಲ್ಲಿಟ್ಟರೆ ತೊಟ್ಟಿಯೂ ತಿಳಿಯಾಗುತ್ತದೆ, ಕೆರೆಯೂ ತಿಳಿಯಾದೀತು.